ಮೊದಲ ಬಿಂದಿಗೆ

ಸಿಂಚನಾ, ತೇಜಸ್, ಇದು ನಿಮಗಾಗಿ ಬರೆದದ್ದು. ನಿಮ್ಮ ಅಜ್ಜಿ ಓದಿದ್ದು ಆನೇಕಲ್ ಆಚೆಯ ಒಂದು ಹಳ್ಳಿಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಅಕ್ಷರ ಗುಂಡಗಿದೆ ಎಂದು ಮೇಷ್ಟ್ರು ಮೆಚ್ಚುತ್ತಿದ್ದರು. ಆದರೆ ಎದ್ದು ನಿಂತು ಓದು ಎಂದರೆ ನನ್ನ ಗಂಟಲು ಕಟ್ಟಿಬಿಡುತ್ತಿತ್ತು. ಈಗಲೂ ಹಾಗೆಯೇ. ಬಾಯಲ್ಲಿ ಹೇಳಲಾಗದ್ದನ್ನು ಬರೆಯಬಹುದೇನೋ ಎಂದು ಕೂತಿದ್ದೇನೆ.

ಹೋದ ವಾರ ತೇಜಸ್‌ಗೆ ಹೊಟ್ಟೆ ಕೆಟ್ಟಿತ್ತಲ್ಲ. ಶಾಲೆಯ ಗೇಟಿನ ಹತ್ತಿರ ಪಾನಿಪೂರಿ ತಿಂದದ್ದು ನನಗೊಬ್ಬಳಿಗೇ ಗೊತ್ತು. ಹೆದರಬೇಡ, ನಿನ್ನ ಅಮ್ಮನಿಗೆ ಹೇಳಿಲ್ಲ. ಈ ಹಾಳೆ ಓದಿದರೆ ಮಾತ್ರ ಅವಳಿಗೆ ತಿಳಿಯುತ್ತದೆ. ಅವತ್ತು ಬಾಣಲೆಯಲ್ಲಿ ಮೆಂತ್ಯ ಹುರಿಯುತ್ತಿದ್ದೆ. ಮೆಂತ್ಯ ಕೆಂಪಗಾಗುವಾಗ ಒಂದು ಕಹಿ ವಾಸನೆ ಏಳುತ್ತದೆ. "ಅಜ್ಜೀ, ಏನೋ ಸೀದು ಹೋಯ್ತು!" ಎಂದು ಸಿಂಚನಾ ಓಡಿಬಂದು ಕಿಟಕಿ ತೆರೆದಳು. ಅಷ್ಟರಲ್ಲಿ ನಾನು ಈ ಮಹದೇವಪುರದ ಮನೆಯಲ್ಲಿ ಇರಲೇ ಇಲ್ಲ. ಬೊಮ್ಮಸಂದ್ರದ ವಠಾರದಲ್ಲಿ, ಒಂದೇ ಕೋಣೆಯ ಮನೆಯಲ್ಲಿ, ಸೀಮೆಎಣ್ಣೆ ಸ್ಟೋವಿನ ಮುಂದೆ ಕೂತಿದ್ದೆ.

ನೀವಿಬ್ಬರೂ ನನ್ನನ್ನು ಎರಡು ವಿಷಯ ಕೇಳುತ್ತಿರುತ್ತೀರಿ. ಈ ಮನೆಮದ್ದುಗಳನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಒಂದು. ಬೆಳಗ್ಗೆ ಎದ್ದು ಹಿಡಿದ ಮೊದಲ ಲೋಟ ನೀರನ್ನು ಯಾಕೆ ಗಿಡಕ್ಕೆ ಸುರಿಯುತ್ತೀಯ, ಅದು ಫಿಲ್ಟರ್ ನೀರು ಅಲ್ವಾ ಅಜ್ಜಿ, ಎಂದು ಇನ್ನೊಂದು. ಎರಡಕ್ಕೂ "ಅಭ್ಯಾಸ" ಎಂದು ಹೇಳಿ ಜಾರಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ.

ಆಗ ನಿಮ್ಮ ಅಮ್ಮ ಶೋಭಾಗೆ ಏಳು ವರ್ಷ. ನಿಮ್ಮ ತಾತ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಮ್ಮದು ಎದುರುಬದುರಾಗಿ ಎರಡು ಸಾಲು, ಒಟ್ಟು ಎಂಟು ಮನೆಗಳ ವಠಾರ. ನಡುವೆ ಎರಡು ಸೈಕಲ್ ಅಕ್ಕಪಕ್ಕ ಹೋಗುವಷ್ಟು ಜಾಗ. ಅದರ ಕೊನೆಯಲ್ಲಿ ಬಚ್ಚಲುಗಳು, ಅವುಗಳ ಮುಂದೆ ಎಲ್ಲರಿಗೂ ಸೇರಿ ಒಂದು ನಲ್ಲಿ. ದಿನ ಬಿಟ್ಟು ದಿನ ಬೆಳಗ್ಗೆ ಒಂದು ಗಂಟೆ ಹೊತ್ತು ನೀರು. ಆ ಬೇಸಿಗೆಯಲ್ಲಿ ಅದೂ ಬತ್ತಿತು. ನಲ್ಲಿ ಉಸ್ ಎಂದು ಗಾಳಿ ಬಿಡುತ್ತಿತ್ತೇ ಹೊರತು ನೀರು ಮೇಲಕ್ಕೆ ಏರುತ್ತಿರಲಿಲ್ಲ.

ಸುತ್ತಲ ವಠಾರದವರು ಮಾಡಿದ್ದನ್ನೇ ನಿಮ್ಮ ತಾತ ಮಾಡಿದರು. ಒಂದು ಭಾನುವಾರ ನಲ್ಲಿಯ ಬುಡದಲ್ಲಿ ಸೊಂಟದಷ್ಟು ಆಳ ಗುಂಡಿ ತೋಡಿದರು. ಪೈಪು ಕತ್ತರಿಸಿ, ಬೆಂಡ್ ಹಾಕಿ, ಬಾಯನ್ನು ಗುಂಡಿಯ ತಳಕ್ಕೆ ಇಳಿಸಿದರು. ಇಳಿಯಲು ಕಲ್ಲಿನ ಮೆಟ್ಟಿಲು ಕಟ್ಟಿದರು. ಪೈಪಿನ ಬಾಯಿಗೆ ಬಟ್ಟೆ ಸುತ್ತಿದ ಮರದ ಬಿರಡೆ. ಮರುದಿನ ಬಿರಡೆ ತೆಗೆದರೆ ನೀರು ಹೆಬ್ಬೆರಳಿನಷ್ಟು ದಪ್ಪ ಸುರಿಯಿತು. ವಠಾರದ ಹೆಂಗಸರೆಲ್ಲ ಬಿಂದಿಗೆ ಕೆಳಗಿಟ್ಟು ನೋಡುತ್ತಾ ನಿಂತರು. ಮೊದಲನೇ ಮನೆಯ ರತ್ನಮ್ಮನ ಬಾಯಿಂದ ಒಳ್ಳೆಯ ಮಾತು ಬರುವುದು ಅಪರೂಪ. ಅವರೇ ಹೇಳಿದರು: "ಗೌರಮ್ಮಾ, ನಿನ್ ಗಂಡ ಭಗೀರಥ ಕಣವ್ವ. ಇನ್ಮೇಲೆ ಮೊದಲ ಬಿಂದಿಗೆ ನಿಂದೇ. ಅದ್ರಲ್ಲಿ ಮಾತಿಲ್ಲ."

ಹಾಗೆ ಮೊದಲ ಬಿಂದಿಗೆ ನನ್ನದಾಯಿತು. ನಾನು ಯಾರಿಗೂ ಎದುರು ನಿಂತು ಮಾತಾಡಿದವಳಲ್ಲ. ಆದರೆ ಬಿಂದಿಗೆ ಹಿಡಿದು ಎಲ್ಲರ ಮುಂದೆ ಆ ಮೆಟ್ಟಿಲಿಳಿಯುವಾಗ ನನಗೆ ಒಳಗೊಳಗೇ ಹೆಮ್ಮೆ.

ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಪಕ್ಕದ ಮನೆಗೆ ಶರಣವ್ವ ಬಂದಳು. ಯಾದಗಿರಿ ಕಡೆಯವಳು. ಅವಳ ಗಂಡ ಬಸಣ್ಣ ಹೊಸ ಕಾರ್ಖಾನೆಯೊಂದರ ಕಟ್ಟಡದಲ್ಲಿ ಕಾಂಕ್ರೀಟ್ ಕೆಲಸಕ್ಕೆ ಹೋಗುತ್ತಿದ್ದ. ಅವಳ ಕಂಕುಳಲ್ಲಿ ಹತ್ತು ತಿಂಗಳ ಹೆಣ್ಣುಮಗು, ಭಾಗ್ಯ. ಕೆನ್ನೆ ತುಂಬಿಕೊಂಡು, ಯಾರು ಕೈಚಾಚಿದರೂ ಬರುವ ಮಗು. ನಾನು ಹತ್ತು ಮಾತಿಗೆ ಒಂದು ಉತ್ತರ ಕೊಡುವುದನ್ನು ಶರಣವ್ವ ಎರಡು ದಿನ ನೋಡಿದಳು. ಮೂರನೆಯ ದಿನ ಕೇಳಿಯೇಬಿಟ್ಟಳು.

"ಯಕ್ಕಾ, ನಿಮ್ ಬಾಯಿ ಯಾರಿಗರ ಬಾಡಗಿ ಕೊಟ್ಟೀರೇನ್ರೀ?"

ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವಳೇ ಮಾತಾಡುವುದು, ನಾನು ನಗುವುದು. ಅವಳು ಜೋಳದ ರೊಟ್ಟಿ ತಟ್ಟಿ ಕಳಿಸಿದರೆ ನಾನು ಸೊಪ್ಪಿನ ಸಾರು ಕಳಿಸುತ್ತಿದ್ದೆ. ಮಧ್ಯಾಹ್ನ ಭಾಗ್ಯ ನನ್ನ ಮಡಿಲಲ್ಲೇ ಮಲಗುತ್ತಿದ್ದಳು.

ಮಳೆ ಜೋರಾಗಿ ಹಿಡಿಯಿತು. ರಾತ್ರಿ ಸುರಿದ ಮಳೆಗೆ ಗುಂಡಿ ತುಂಬಿರುತ್ತಿತ್ತು. ಮಾರು ದೂರದಲ್ಲೇ ಬಚ್ಚಲ ಮೋರಿ. ಅದೂ ಉಕ್ಕಿ ಗುಂಡಿಯ ಕಡೆಗೇ ಹರಿಯುತ್ತಿತ್ತು. ನೀರು ಬಿಡುವ ದಿನ ಬೇಗ ಎದ್ದು, ಬಕೆಟ್ಟಿನಿಂದ ಗುಂಡಿಯ ನೀರನ್ನೆಲ್ಲ ಎತ್ತಿ ಆಚೆ ಚೆಲ್ಲಿ, ತಳವನ್ನು ಪೊರಕೆಯಿಂದ ಉಜ್ಜಿ, ಆಮೇಲೆ ಬಿರಡೆ ತೆಗೆಯುತ್ತಿದ್ದೆವು. ಅಷ್ಟು ಚೊಕ್ಕಟ ಮಾಡುತ್ತಿದ್ದುದರಿಂದಲೇ ನಮಗೆ ಯಾರಿಗೂ ಅನುಮಾನ ಬರಲಿಲ್ಲ.

ಒಂದು ಬೆಳಗ್ಗೆ ಶರಣವ್ವ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಭಾಗ್ಯ ಹಸಿವಿಗೋ ಚಳಿಗೋ ಕಿರುಚುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ನೀನು ಹಿಡ್ಕೊಂಡು ಹೋಗು, ನಂದು ಆಮೇಲೆ" ಎಂದು ಅವಳ ಕೈಯ ಬಿಂದಿಗೆ ತೆಗೆದುಕೊಂಡು ನಾನೇ ಕೆಳಗಿಳಿದು ತುಂಬಿಸಿ ಕೊಟ್ಟೆ. ಅವತ್ತಿನಿಂದ ಮೊದಲ ಬಿಂದಿಗೆ ಅವಳದೇ ಆಯಿತು. ರತ್ನಮ್ಮ ಗೊಣಗಿದರು. ನಾನು ಕೇಳಿಸಿಕೊಳ್ಳಲಿಲ್ಲ. ನನ್ನದಾಗಿ ಇದ್ದದ್ದನ್ನು ಇನ್ನೊಬ್ಬರಿಗೆ ಕೊಟ್ಟ ಖುಷಿ ನನಗೆ.

ಅದೇ ವಾರ ವಠಾರದಲ್ಲಿ ಭೇದಿ ಶುರುವಾಯಿತು. ಮೊದಲು ರತ್ನಮ್ಮನ ಗಂಡನಿಗೆ, ಆಮೇಲೆ ಎದುರು ಮನೆಯ ಅಣ್ಣತಮ್ಮಂದಿರಿಗೆ, ಆಮೇಲೆ ನಿಮ್ಮ ತಾತನಿಗೆ. ಬಚ್ಚಲ ಮುಂದೆ ಚೊಂಬು ಹಿಡಿದವರ ಸಾಲು. ಪ್ರತಿಯೊಬ್ಬರಿಗೂ ಒಂದೊಂದು ಕಾರಣ. ಕ್ಯಾಂಟೀನಿನ ಹಳಸಲು ಸಾಂಬಾರು ಎಂದು ಒಬ್ಬರು. ಹಲಸಿನ ಹಣ್ಣು ಮಿತಿಮೀರಿ ತಿಂದದ್ದಕ್ಕೆ ಎಂದು ಇನ್ನೊಬ್ಬರು. ಬೇಸಿಗೆಯ ಉಷ್ಣ ಈಗ ಇಳಿಯುತ್ತಿದೆ ಎಂದು ನಿಮ್ಮ ತಾತ. ನೊಣ ಕೂತ ತಿಂಡಿ, ತೊಳೆಯದ ಕೈ, ಕಲುಷಿತ ನೀರು ಎಂದು ಶೋಭಾ ತನ್ನ ಪಾಠದ ಪುಸ್ತಕದಿಂದ ಗಟ್ಟಿಯಾಗಿ ಓದುತ್ತಿದ್ದಳು. ನಾವು ಯಾರೂ ಅತ್ತ ಗಮನ ಕೊಡಲಿಲ್ಲ; ಪಾಠ ಬಾಯಿಪಾಠ ಮಾಡುತ್ತಿದ್ದಾಳೆ ಅಂದುಕೊಂಡೆವು.

ನನಗೆ ನನ್ನ ಅವ್ವ ಕಲಿಸಿದ ಮದ್ದುಗಳು ಗೊತ್ತಿದ್ದವು. ಹುರಿದ ಮೆಂತ್ಯದ ಪುಡಿಯನ್ನು ಮೊಸರಿನಲ್ಲಿ ಕಲಸಿ ಕೊಡುವುದು. ದಾಳಿಂಬೆಯ ಒಣಸಿಪ್ಪೆ ಕುದಿಸಿ ಸೋಸಿದ ನೀರು. ಹಾಲಿಲ್ಲದ ಕಾಫಿ ಡಿಕಾಕ್ಷನ್ನಿಗೆ ನಿಂಬೆರಸ. ಬೇಯಿಸಿ ಹಿಸುಕಿದ ಬಾಳೆಕಾಯಿ, ಉಪ್ಪು ಹಾಕಿದ ಅನ್ನದ ಗಂಜಿ, ಶುಂಠಿ ಜಜ್ಜಿ ಹಾಕಿದ ನೀರುಮಜ್ಜಿಗೆ. ನಿಮ್ಮ ತಾತ ಮೂರು ದಿನಕ್ಕೆ ಎದ್ದು ಕೆಲಸಕ್ಕೆ ಹೋದರು. ಅದನ್ನು ನೋಡಿ ಒಬ್ಬೊಬ್ಬರಾಗಿ ನಮ್ಮ ಬಾಗಿಲಿಗೆ ಬಂದರು. "ಗೌರಕ್ಕಾ, ಒಂಚೂರು ಮೆಂತ್ಯದ್ ಪುಡಿ ಕೊಡಿ." ಯಾರ ಕಣ್ಣಿಗೂ ಬೀಳದೆ ಬದುಕಿದವಳ ಬಾಗಿಲಿಗೆ ಜನ! ನಾನು ಬಿಗಿದುಕೊಂಡೆ ಎಂದೇ ಹೇಳಬೇಕು.

ಆಗ ಭಾಗ್ಯಳಿಗೂ ಹಿಡಿಯಿತು. ಶರಣವ್ವ ಮಗುವನ್ನು ತಂದು ನನ್ನ ಮುಂದೆ ಮಲಗಿಸಿದಳು.

"ಕೂಸಿಗಿ ಜುಲಾಬು ಹತ್ಯಾವ್ರಿ ಅಕ್ಕಾ. ಏನ್ ಮಾಡ್ಲಿ? ನೀವು ಹೆಂಗಂತೀರಿ ಹಂಗ."

ಹಲ್ಲು ಬರುವ ಕಾಲ, ಎಲ್ಲ ಮಕ್ಕಳಿಗೂ ಆಗುತ್ತದೆ ಎಂದೆ. ಜಾಯಿಕಾಯಿ ತೇದು ನಾಲಿಗೆಗೆ ಸವರಿದೆ. ಆಮೇಲೆ, ನನ್ನ ಅವ್ವ ಹೇಳುತ್ತಿದ್ದ ಇನ್ನೊಂದು ಮಾತನ್ನೂ ಹೇಳಿದೆ: "ನೀರು ಕೊಡಬೇಡ. ಹಾಲೂ ಕಮ್ಮಿ ಮಾಡು. ಮೇಲಿಂದ ಕೊಟ್ಟಷ್ಟೂ ಕೆಳಗಿಂದ ಹೋಗ್ತದೆ. ಹೊಟ್ಟೆ ಒಣಗಿದ್ರೆ ತಾನೇ ನಿಲ್ತದೆ."

ಅವಳು ನನ್ನನ್ನು ನಂಬಿದಳು. ಮಗು ಲೋಟ ಕಂಡರೆ ಕೈಚಾಚುತ್ತಿತ್ತು, ಲೋಟವನ್ನೇ ಮರೆಮಾಡಿದಳು. ಎದೆಗೆ ಮುಖ ಉಜ್ಜಿದರೆ ಸೆರಗು ಬಿಗಿದುಕೊಂಡಳು. ಎರಡನೆಯ ದಿನ ಭೇದಿ ಸ್ವಲ್ಪ ಕಡಿಮೆಯಾದಂತೆ ಕಂಡಿತು. "ನೋಡಿದ್ಯಾ" ಎಂದೆ ನಾನು. ಒಳಗೆ ಏನೂ ಉಳಿದಿಲ್ಲದ್ದರಿಂದ ಕಡಿಮೆಯಾಗಿದೆ ಎಂದು ನನಗೆ ಹೊಳೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಶೋಭಾ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಪಕ್ಕದ ಮನೆಗೆ ಓಡಿದಳು. ದಿನವೂ ಭಾಗ್ಯಳ ಜೊತೆ ಆಡದೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ. ಒಂದೇ ನಿಮಿಷಕ್ಕೆ ತಿರುಗಿ ಬಂದಳು.

"ಅಮ್ಮಾ, ಪಾಪು ಅಳ್ತಿದೆ. ಆದ್ರೆ ಕಣ್ಣೀರೇ ಬರ್ತಿಲ್ಲ."

ನಾನು ಹೋಗಿ ನೋಡಿದೆ. ಮಗು ಅಳುತ್ತಿತ್ತು, ಸದ್ದು ಬೆಕ್ಕಿನ ಮರಿಯಷ್ಟು. ಕಣ್ಣು ಗುಳಿಬಿದ್ದಿದ್ದವು, ಒಣಗಿದ್ದವು. ನಾಲಿಗೆ ಬಟ್ಟೆಯಂತೆ ಆಗಿತ್ತು. "ಬೆಳಗ್ಗಿಂದ ಉಚ್ಚೆ ಹೊಯ್ದಿಲ್ರಿ ಅಕ್ಕಾ" ಎಂದಳು ಶರಣವ್ವ. ಬಸಣ್ಣ ಕೆಲಸದಲ್ಲಿದ್ದ, ನಿಮ್ಮ ತಾತನೂ ಕೆಲಸದಲ್ಲಿದ್ದರು. ಶೋಭಾಳನ್ನು ರತ್ನಮ್ಮನ ಮನೆಗೆ ಬಿಟ್ಟು, ಮಗುವನ್ನು ನನ್ನ ಸೆರಗಿನಲ್ಲಿ ಸುತ್ತಿಕೊಂಡು ಇಬ್ಬರೂ ಮಳೆಯಲ್ಲೇ ಓಡಿ ಆಟೋ ಹತ್ತಿದೆವು.

ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಒಬ್ಬರು ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಚರ್ಮ ಮಡಿಚಿದ ಹಾಗೇ ನಿಂತಿತು, ಇಳಿಯಲೇ ಇಲ್ಲ. ಅವರು ಡಾಕ್ಟರನ್ನು ಕೂಗಿದರು. ಮಗುವಿನ ಪುಟ್ಟ ಕೈಯಲ್ಲಿ ನರ ಹುಡುಕಿ ಡ್ರಿಪ್ ಹಾಕಿದರು. ಅದಾದ ಮೇಲೆ ಸಿಸ್ಟರ್ ನಮ್ಮ ಕಡೆ ತಿರುಗಿದರು.

"ನೀರು ಕುಡಿಸ್ಲಿಲ್ವಾ?"

ಶರಣವ್ವ ಇಲ್ಲವೆಂದು ತಲೆಯಾಡಿಸಿದಳು.

"ಯಾರಮ್ಮ ನಿಮಗೆ ನೀರು ಕೊಡಬೇಡಿ ಅಂದಿದ್ದು?"

ನನ್ನ ಗಂಟಲು ಕಟ್ಟಿತು. ಶಾಲೆಯಲ್ಲಿ ಕಟ್ಟುತ್ತಿದ್ದ ಹಾಗೆಯೇ. ಶರಣವ್ವ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಸಿಸ್ಟರ್ ಕಡೆ ತಿರುಗಿದಳು.

"ಯಾರೂ ಅಂದಿಲ್ರಿ. ನನಗೇ ತಿಳಿಲಿಲ್ಲ."

ಸಿಸ್ಟರ್ ಅವಳನ್ನು ಚೆನ್ನಾಗಿ ಬೈದರು. ತಾಯಿಯಾದವಳಿಗೆ ಅಷ್ಟೂ ಗೊತ್ತಾಗಲ್ವಾ ಎಂದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ಮಕ್ಕಳೇ, ನಾನು ಬದುಕಿನಲ್ಲಿ ಅನೇಕ ಸಲ ಸುಮ್ಮನಿದ್ದೇನೆ. ಆದರೆ ಅವತ್ತು ಸುಮ್ಮನಿದ್ದದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಬೈದ ಮೇಲೆ ಅದೇ ಸಿಸ್ಟರ್ ಸ್ಟೂಲು ಎಳೆದುಕೊಂಡು ಕೂತು ನಮಗೆ ಪಾಠ ಹೇಳಿದರು. ಭೇದಿಯಲ್ಲಿ ಮೈಯೊಳಗಿನ ನೀರು, ಉಪ್ಪು ಎರಡೂ ಹೋಗುತ್ತವೆ. ಮಗುವನ್ನು ಕೊಲ್ಲುವುದು ಆ ಒಣಗುವಿಕೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಆಸ್ಪತ್ರೆಯ ಪೊಟ್ಟಣ ಸಿಕ್ಕರೆ ಅದೇ ಮೇಲು. ಗಟಗಟನೆ ಕುಡಿಸಬಾರದು, ಚಮಚ ಚಮಚವಾಗಿ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಬೇಕು. ಎದೆಹಾಲು ಯಾವತ್ತೂ ನಿಲ್ಲಿಸಬಾರದು.

ಅವರು ಹೇಳುತ್ತಿರುವಾಗ ನನಗೆ ನನ್ನ ತಮ್ಮನ ನೆನಪಾಯಿತು. ಅವನು ಒಂದು ವರ್ಷದವನಿದ್ದಾಗ ಭೇದಿಯಾಗಿ ತೀರಿಹೋದ. ದೃಷ್ಟಿ ತಾಗಿತು ಎಂದು ನಮ್ಮ ಅವ್ವ ಸಾಯುವವರೆಗೂ ನಂಬಿದ್ದರು. ಅವನು ನೀರಿನ ಕೊಡದ ಕಡೆಗೆ ತೆವಳುತ್ತಿದ್ದದ್ದು, ಅವ್ವ ಅಳುತ್ತಲೇ ಅವನನ್ನು ಎತ್ತಿ ಈಚೆ ತರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು.

ಚಮಚ ನಾನೇ ಹಿಡಿದೆ. ಮಡಿಲಲ್ಲಿ ಭಾಗ್ಯಳನ್ನು ಮಲಗಿಸಿಕೊಂಡು, ಒಂದು ಚಮಚ, ಮನಸ್ಸಿನಲ್ಲೇ ನೂರು ಎಣಿಕೆ, ಮತ್ತೊಂದು ಚಮಚ. ಮೊದಮೊದಲು ಅರ್ಧ ತುಟಿಯಂಚಿನಿಂದ ಹೊರಗೇ ಹರಿಯುತ್ತಿತ್ತು. ಹೊರಗೆ ಮಳೆ ನಿಂತು ಸಂಜೆಯ ಬಿಸಿಲು ಬಂತು. ಆಗ ನನ್ನ ತೊಡೆ ಬೆಚ್ಚಗಾಯಿತು. ಏನೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಸೀರೆ ಪೂರ್ತಿ ಒದ್ದೆ.

"ಸಿಸ್ಟರ್!" ಎಂದು ನಾನು ಕೂಗಿದೆ. ಅಷ್ಟು ಗಟ್ಟಿಯಾಗಿ ನಾನು ಹಿಂದೆಂದೂ ಕೂಗಿರಲಿಲ್ಲ.

ಅವರು ಬಂದು ನೋಡಿ ನಕ್ಕರು. "ಉಚ್ಚೆ ಹೊಯ್ದ್ಲಾ ರಾಣಿ? ಇನ್ನು ಭಯ ಇಲ್ಲ ಬಿಡಮ್ಮ." ಶರಣವ್ವ ನನ್ನ ಒದ್ದೆ ಸೀರೆಯಲ್ಲಿ ಮುಖವಿಟ್ಟು ಅತ್ತಳು. ಸ್ವಲ್ಪ ಹೊತ್ತಿಗೆ ಭಾಗ್ಯಳೂ ಅತ್ತಳು. ಎರಡೂ ಕಣ್ಣಲ್ಲಿ ನೀರಿತ್ತು.

ಮರುದಿನ ಹೊರಡುವಾಗ ಸಿಸ್ಟರ್ ಇನ್ನೊಂದು ಮಾತು ಕೇಳಿದರು. "ನಿಮ್ಮ ವಠಾರದಲ್ಲಿ ಇನ್ನೂ ಯಾರಿಗಾದ್ರೂ ಆಗಿದ್ಯಾ? ನಲ್ಲಿ ಎಲ್ಲಿದೆ, ಗುಂಡಿಯೊಳಗಾ?"

ಅವರು ಅಷ್ಟು ಕೇಳಿದ್ದೇ ತಡ, ಮೋರಿ ನೀರು ತುಂಬಿದ ಗುಂಡಿ ನನ್ನ ಕಣ್ಣ ಮುಂದೆ ಬಂತು.

ಮನೆಗೆ ಬಂದವಳು ನಿಮ್ಮ ತಾತನಿಗೆ ಹೇಳಿದೆ. ಅವರು ಚಾಪೆಯ ಮೇಲೆ ಕೂತರು. ಪೈಪಿನ ವಿಷಯ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನೀರು ನಿಂತ್ಮೇಲೆ ಲೈನು ಒಳಕ್ಕೆ ಎಳ್ಕೊಳ್ತದೆ ಕಣೇ. ಆ ಬಿರಡೆ ಏನ್ ತಡೀತದೆ? ಗುಂಡೀಲಿರೋ ಮೋರಿ ನೀರೆಲ್ಲ ಪೈಪೊಳಗೆ. ಮಾರನೇ ಸಲ ಬಿಟ್ಟಾಗ ಅದೇ ಮೊದ್ಲು ಬರೋದು." ನನ್ನ ಕಡೆ ನೋಡಿ ಮತ್ತೆ ಹೇಳಿದರು. "ಮೊದಲ ಬಿಂದಿಗೇಲಿ."

ಮೊದಲ ಬಿಂದಿಗೆ. ನಾನು ಪ್ರೀತಿಯಿಂದ ತುಂಬಿಸಿ ಕೊಟ್ಟದ್ದು.

ಮುಂದಿನ ನೀರಿನ ದಿನ ಎಲ್ಲರೂ ಬಿಂದಿಗೆ ಹಿಡಿದು ಸೇರಿದ್ದರು. ನಿಮ್ಮ ತಾತನಿಗೆ ಎರಡನೇ ಶಿಫ್ಟು, ಅವರೂ ಬಾಗಿಲಲ್ಲಿ ನಿಂತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ದಾರಿಗೆ ಅಡ್ಡಲಾದೆ.

"ಈ ಗುಂಡಿ ಮುಚ್ಚಬೇಕು" ಎಂದೆ. ದನಿ ಒಡೆಯಿತು. ಮತ್ತೆ ಹೇಳಿದೆ. "ಎಲ್ಲರಿಗೂ ಭೇದಿ ಆಗಿದ್ದು ಇದರಿಂದ. ಮೋರಿ ನೀರು ಪೈಪಿಗೆ ಸೇರ್ತಿದೆ."

ರತ್ನಮ್ಮ ಸೊಂಟದ ಮೇಲೆ ಕೈಯಿಟ್ಟರು. "ಗುಂಡಿ ಮುಚ್ಚಿದ್ರೆ ನೀರು ಮೇಲಕ್ಕೆ ಎಂಗ್ ಹತ್ತುತ್ತೆ? ನೀನು ಕಾವೇರೀನ ಸೆರಗಲ್ಲಿ ಕಟ್ಕೊಂಡು ಬರ್ತೀಯಾ? ಒಂದಿನಾನೂ ಬಾಯಿ ಬಿಡ್ದೋಳು ಇವತ್ತು ಭಾಷಣ ಬೇರೆ!"

ಒಂದಿಬ್ಬರು ನಕ್ಕರು. ನನಗೆ ಒಳಗೆ ಓಡಿಹೋಗಬೇಕು ಅನ್ನಿಸಿತು. ಆದರೆ ಶರಣವ್ವ ಭಾಗ್ಯಳನ್ನು ಎತ್ತಿಕೊಂಡು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಮಗು ನನ್ನನ್ನು ಕಂಡು ಕೈಚಾಚಿತು.

"ಇನ್ನೊಂದು ಮಾತಿದೆ ರತ್ನಕ್ಕಾ" ಎಂದೆ. "ಆ ಮಗೂಗೆ ನೀರು ಕೊಡಬೇಡ ಅಂದಿದ್ದು ನಾನು. ಶರಣವ್ವ ಅಲ್ಲ. ನನ್ನ ಮಾತು ಕೇಳಿ ಅದು ಸಾಯ್ತಿತ್ತು. ಆಸ್ಪತ್ರೇಲಿ ನನ್ನ ಮೇಲೆ ಬರೋ ಬೈಗುಳ ಅವಳು ತಿಂದಳು. ಮೊದಲ ಬಿಂದಿಗೆ ಕೊಟ್ಟಿದ್ದೂ ನಾನೇ."

ನಿಮ್ಮ ತಾತ ಒಳಗೆ ಹೋಗಿ ಗುದ್ದಲಿ ತಂದರು. ಅವರು ಆ ಗುಂಡಿಯ ಮೆಟ್ಟಿಲುಗಳನ್ನು ಎಷ್ಟು ಅಕ್ಕರೆಯಿಂದ ಕಟ್ಟಿದ್ದರು ಎಂದು ನನಗೆ ಗೊತ್ತು. ಅವತ್ತಿನ ನೀರು ಹಿಡಿದು ಮುಗಿದ ಮೇಲೆ ಪೈಪನ್ನು ನೆಲದಿಂದ ಮೇಲಕ್ಕೆತ್ತಿ, ಒಳ್ಳೆಯ ನಲ್ಲಿ ಹಾಕಿ, ಗುಂಡಿಗೆ ಮಣ್ಣು ತುಂಬಿ ತುಳಿದರು. ಮೋರಿಯನ್ನು ಆಚೆಗೆ ತಿರುಗಿಸಲು ಬಸಣ್ಣ ಕೆಲಸದ ಜಾಗದಿಂದ ಇಬ್ಬರನ್ನು ಕರೆತಂದ. ಮೇಲೆ ಮಣ್ಣು ತುಳಿಯುವಾಗ ನಿಮ್ಮ ತಾತ ನನಗೆ ಮಾತ್ರ ಕೇಳುವಂತೆ ಹೇಳಿದರು: "ನಿನ್ ಬಾಯಿ ತೆರ್ಸೋಕೆ ನನ್ ಗುಂಡಿ ಮುಚ್ಬೇಕಾಯ್ತು ನೋಡು."

ಮಳೆಗಾಲವಾದ್ದರಿಂದ ಹೊಸ ನಲ್ಲಿಗೆ ನೀರು ಏರಿತು, ಆದರೆ ದಾರದಂತೆ ಬರುತ್ತಿತ್ತು. ಒಂದು ಬಿಂದಿಗೆ ತುಂಬಲು ಬಹಳ ಹೊತ್ತು. ರತ್ನಮ್ಮ ಬೈಯುತ್ತಲೇ ಹಿಡಿದರು, ಬೈಯುತ್ತಲೇ ಕುದಿಸಿ ಕುಡಿದರು. ಬಡಗಿ ಅಂಗಡಿಯಿಂದ ಮರದ ಹೊಟ್ಟು ತಂದು ಒಲೆ ಹಚ್ಚಿ, ಸರದಿಯಂತೆ ಎಲ್ಲರ ಕುಡಿಯುವ ನೀರನ್ನೂ ಅದರ ಮೇಲೇ ಕುದಿಸುವ ಕ್ರಮ ಅವರೇ ಶುರು ಮಾಡಿದರು. ಮೊದಲ ಬಿಂದಿಗೆಯನ್ನು ಯಾರೂ ಒಳಗೆ ಒಯ್ಯಲಿಲ್ಲ. ವಠಾರದ ತುಳಸಿಗೆ ಸುರಿದೆವು.

ಭಾಗ್ಯಳಿಗೆ ಕೆನ್ನೆ ತುಂಬಲು ಒಂದು ತಿಂಗಳು ಹಿಡಿಯಿತು. ಶೋಭಾಗೆ ಹಾಲು ಕುಡಿಸುತ್ತಿದ್ದ ಹಿತ್ತಾಳೆಯ ಒಳಲೆಯನ್ನು ನಾನು ಅವಳಿಗೆ ಕೊಟ್ಟೆ. ಆ ಕಟ್ಟಡದ ಕೆಲಸ ಮುಗಿದ ಮೇಲೆ ಅವರು ವೈಟ್‌ಫೀಲ್ಡ್ ಕಡೆ ಇನ್ನೊಂದು ಕೆಲಸಕ್ಕೆ ಹೋದರು. ಹೊರಡುವ ದಿನ ಶರಣವ್ವ ಟ್ರಂಕಿನಲ್ಲಿ ಸೀರೆಗಳ ನಡುವೆ ಆ ಒಳಲೆಯನ್ನು ಇಟ್ಟು ನನ್ನ ಕಡೆ ನೋಡಿದಳು.

"ಯಾಕೆ ಅವತ್ತು ಆಸ್ಪತ್ರೇಲಿ ನನ್ನ ಹೆಸರು ಹೇಳಲಿಲ್ಲ?" ಎಂದು ಆಗ ಕೇಳಿದೆ.

"ನೀವು ಮೊದಲ ಸಲ ಬಾಯಿ ಬಿಟ್ಟು ಹೇಳಿದ್ ಮಾತು ಅದು ಯಕ್ಕಾ. ಅದಕ್ಕೇ ಬೈಸಿದ್ರ, ಮತ್ತ ನೀವು ಮಾತಾಡ್ತಿದ್ರೇನು?"

ಆಮೇಲೆ ಅವರ ಸುದ್ದಿ ತಿಳಿಯಲಿಲ್ಲ. ಭಾಗ್ಯಳಿಗೂ ಈಗ ಮಕ್ಕಳಿರಬಹುದು. ಈ ಮಹದೇವಪುರದ ರಸ್ತೆಯಲ್ಲಿ ನನ್ನ ಪಕ್ಕದಲ್ಲೇ ನಡೆದುಹೋದರೂ ನನಗೆ ಗುರುತು ಸಿಗಲಾರದು.

ಮೆಂತ್ಯ, ದಾಳಿಂಬೆ ಸಿಪ್ಪೆ, ಗಂಜಿ, ಮಜ್ಜಿಗೆ, ಇವು ದೊಡ್ಡವರ ಸಣ್ಣ ಭೇದಿಗೆ ಇರಲಿ. ಮಗುವಿಗಾದರೆ ಮೊದಲು ನೀರು, ಉಪ್ಪು, ಸಕ್ಕರೆ. ರಕ್ತ ಕಂಡರೆ, ಜ್ವರ ಬಂದರೆ, ಉಚ್ಚೆ ನಿಂತರೆ ಆಸ್ಪತ್ರೆ. ನಿಮ್ಮ ಅಜ್ಜಿಯ ಮಾತನ್ನೂ ಕೇಳಬೇಡಿ, ಓಡಿ. ಮಗು ಅಳುವಾಗ ಅದರ ಕಣ್ಣು ನೋಡಿ. "ಕಣ್ಣೀರೇ ಬರ್ತಿಲ್ಲ" ಎಂದು ನಿಮ್ಮ ಅಮ್ಮ ಹೇಳದಿದ್ದರೆ ಒಂದು ಜೀವ ಉಳಿಯುತ್ತಿರಲಿಲ್ಲ. ಕೇಳಿದರೆ ಅವಳಿಗೆ ಅದು ನೆನಪೇ ಇಲ್ಲವಂತೆ. ಅದಕ್ಕೇ ಬರೆದಿಟ್ಟೆ.

ಈ ಹಾಳೆಗಳನ್ನು ಬೀರುವಿನಲ್ಲಿ ಇಡಬೇಡಿ. ಅಡುಗೆಮನೆಯಲ್ಲಿ ಮೆಂತ್ಯದ ಡಬ್ಬಿಯ ಕೆಳಗೆ ಮಡಿಚಿಡಿ. ಎಣ್ಣೆಯ ಕಲೆ ಆದರೆ ಆಗಲಿ, ಅರಿಶಿನ ಹತ್ತಿದರೆ ಹತ್ತಲಿ. ನಾಳೆ ನಿಮ್ಮ ಮನೆಯಲ್ಲಿ ಒಂದು ಮಗು ಅತ್ತಾಗ ಕೈಗೆ ಸಿಗುವ ಹಾಗೆ ಜೋಪಾನ ಮಾಡಿ.